ಬಿಟ್ಟಿ ಅಶ್ವಶಕ್ತಿ

“ದೋಣಿಯ ಟೂ-ಸ್ಟ್ರೋಕ್ ಎಂಜಿನ್ನಿನ ಎಕ್ಸಾಸ್ಟ್ ಪೋರ್ಟನ್ನು, ಅಂದರೆ ಹೊಗೆ ಹೊರಹೋಗುವ ಕಿಂಡಿಯನ್ನು, ಒಂದಿಷ್ಟು ಮೇಲಕ್ಕೆ ಉಜ್ಜಿದರೆ ಸಾಕು, ಬಿಟ್ಟಿ ಶಕ್ತಿ ಬರುತ್ತದೆ” ಎಂದು ಸೀನು ಸಾರುವಾಗ ಅವನ ಕೈಯಲ್ಲಿ ಆಗಲೇ ಅರವಿತ್ತು. ಎರಡು ವಿಡಿಯೋ ನೋಡಿದವರೆಲ್ಲ ಎಂಜಿನ್ ತಯಾರಕರಿಗಿಂತ ಜಾಣರಾಗುವ ಈ ಕಾಲದಲ್ಲಿ ಅವನೊಬ್ಬನನ್ನೇ ದೂರುವಂತಿಲ್ಲ.

“ಬರುವುದೇನೋ ನಿಜ” ಎಂದರು ಶಾಮಣ್ಣ. “ಆದರೆ ಪೋರ್ಟ್ ಬೇಗ ತೆರೆದುಕೊಂಡರೆ, ಪಿಸ್ಟನ್ನನ್ನು ಇನ್ನೂ ತಳ್ಳಬೇಕಾಗಿದ್ದ ಅನಿಲವೂ ಬೇಗ ಹೊರಬೀಳುತ್ತದೆ. ಮೇಲಿನ ಆರ್‌ಪಿಎಮ್‌ನಲ್ಲಿ ಕೂಡಿದ್ದು ಕೆಳಗಿನ ಟಾರ್ಕಿನಿಂದ, ಅಂದರೆ ತಿರುಗಿಸುವ ಬಲದಿಂದ, ಕಳೆಯುತ್ತದೆ. ತುಂಬಿದ ದೋಣಿ ದಡ ಬಿಡಲು ಬೇಕಾದದ್ದು ಆ ಟಾರ್ಕೇ. ಉಜ್ಜಿದ ಲೋಹವನ್ನು ಮರಳಿ ಅಂಟಿಸುವ ಅರವನ್ನಂತೂ ಯಾರೂ ಮಾಡಿಲ್ಲ.”

“ಸಿಲಿಂಡರಿನ ಹೆಡ್ಡನ್ನು ಸವೆಸಿ ಕಂಪ್ರೆಷನ್, ಅಂದರೆ ಒಳಗಿನ ಒತ್ತಡ, ಏರಿಸಿದರೆ? ಅದೂ ಬಿಟ್ಟಿಯೇ.”

“ಹೆಚ್ಚು ಆಕ್ಟೇನಿನ ಪೆಟ್ರೋಲನ್ನೂ ಬಿಟ್ಟಿ ಕೊಡುತ್ತಾರೆಯೇ? ಇಲ್ಲದಿದ್ದರೆ ಪೆಟ್ರೋಲ್ ತಾನಾಗಿಯೇ ಸಿಡಿದು ಎಂಜಿನ್ ನಾಕ್ ಮಾಡಿ ಪಿಸ್ಟನ್ನಿನ ತಲೆ ಕರಗೀತು. ಆಮೇಲೆ ಪೆಟ್ರೋಲ್ ಉಳಿಸಲೆಂದು ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಜೆಟ್ ಮುಟ್ಟುತ್ತೀಯ, ಮಿಶ್ರಣ ತೆಳುವಾಗುತ್ತದೆ. 50 ಪಾಲು ಪೆಟ್ರೋಲಿಗೆ ಒಂದು ಪಾಲು ಆಯಿಲ್ ಬೆರೆಸಿ ಕುಡಿಸುವ ಎಂಜಿನ್ನಿಗೆ ಪೆಟ್ರೋಲ್ ಕಡಿಮೆಯಾದರೆ ಆಯಿಲೂ ಕಡಿಮೆ. ಗಂಟಲೊಣಗಿದ ಪಿಸ್ಟನ್ ಸಿಲಿಂಡರನ್ನು ತಬ್ಬಿಕೊಂಡರೆ ಬಿಡಿಸುವುದು ನಿನ್ನ ಖರ್ಚು.”

ಮೂರ್ತಿ ಬೈಕಿನವರ ಉದಾಹರಣೆ ಕೊಟ್ಟ.

“ಬೈಕಿಗೆ ಇಳಿಜಾರು ಉಂಟು, ಸಿಗ್ನಲ್ ಉಂಟು. ದೋಣಿಯ ಹಿಂದೆ ತಗುಲಿಸುವ ಔಟ್‌ಬೋರ್ಡ್ ಎಂಜಿನ್ನಿಗೆ ಎಲ್ಲವೂ ಏರುದಾರಿ. ಥ್ರಾಟಲ್ ತೆರೆದಷ್ಟು ಹೊತ್ತೂ ಅದು ನೀರನ್ನು ತಳ್ಳುತ್ತಲೇ ಇರಬೇಕು. ಪ್ರೊಪೆಲ್ಲರನ್ನು ಶೇಕಡಾ 10ರಷ್ಟು ಹೆಚ್ಚು ತಿರುಗಿಸಬೇಕಾದರೆ ಸುಮಾರು ಶೇಕಡಾ 33ರಷ್ಟು ಹೆಚ್ಚು ಶಕ್ತಿ ಬೇಕು. ಕೆಳಗಿನ ಗೇರುಗಳು ಅದನ್ನು ತಾಳಿಯಾವೇ ಎಂದು ಯಾವ ವಿಡಿಯೋ ಹೇಳಿತು?”

“ಕೆಲವು ಕಂಪನಿಗಳ 9.9 ಮತ್ತು 15 ಅಶ್ವಶಕ್ತಿಯ ಎಂಜಿನ್ನುಗಳ ಬ್ಲಾಕ್ ಒಂದೇ ಅಲ್ಲವೇ?” ಎಂದ ಸೀನು ಜಯಶಾಲಿಯಂತೆ.

“ಒಪ್ಪಿದೆ. ಅಲ್ಲಿ ತಯಾರಕರೇ ಕಟ್ಟಿದ ಗಂಟನ್ನು ಸರಿಯಾದ ಕಾರ್ಬುರೇಟರ್ ಹಾಕಿ ಬಿಚ್ಚಬಹುದು. ನಿನ್ನದು ಆಗಲೇ 15.” ಶಾಮಣ್ಣ ಸ್ವಲ್ಪ ಮೆತ್ತಗಾದರು. “ಹುಟ್ಟು ಹಾಕುತ್ತಿದ್ದ ದಿನಗಳಲ್ಲಿ, ಮಾತು ಮುಗಿಯುವ ಮೊದಲೇ ಆಚೆ ದಡ ಬಂತಲ್ಲಾ ಎಂದು ನಮಗೆ ಬೇಸರವಾಗುತ್ತಿತ್ತು. ಈಗ ಈ ಸದ್ದಿನಲ್ಲಿ ಮಾತೇ ಕೇಳಿಸದು. ಬೇಗ ತಲುಪಬೇಕೆನ್ನಿಸುವುದು ಅದಕ್ಕೇ ಇರಬೇಕು.”

ಯಾರೂ ಏನೂ ಹೇಳದಿದ್ದಾಗ ಅವರೇ ಮುಂದುವರಿಸಿದರು. “ಅಷ್ಟಕ್ಕೂ ನಿನ್ನದು ನೀರಿನ ಮೇಲೆ ಜಾರುವ ದೋಣಿಯಲ್ಲ, ನೀರನ್ನು ಸೀಳಿಕೊಂಡು ಹೋಗುವ ಭಾರದ ದೋಣಿ. ನೀರಿಗೆ ತಾಗುವ ಉದ್ದ 16 ಅಡಿಯಿದ್ದರೆ ಅದರ ಸಹಜ ವೇಗ ಸುಮಾರು 5.4 ನಾಟ್, ಅಂದರೆ ಗಂಟೆಗೆ 10 ಕಿಲೋಮೀಟರ್. ಅದನ್ನು ಮೀರಿ ಶಕ್ತಿ ಸುರಿದರೆ ಹೆಚ್ಚಿನದೆಲ್ಲ ಅಲೆ ಎಬ್ಬಿಸುವುದಕ್ಕೇ ಹೋಗುತ್ತದೆ. ಹಿಂಭಾಗ ಕುಸಿದು ಮೂತಿ ಆಕಾಶ ನೋಡುತ್ತದೆ.”

ಸೀನು ಅರವನ್ನು ಕೆಳಗಿಟ್ಟು ಬಹಳ ಹೊತ್ತು ಯೋಚಿಸಿದ. “ಹಾಗಾದರೆ ಎಂಜಿನ್ನನ್ನು ಬಿಟ್ಟು ದೋಣಿಯನ್ನೇ ಉದ್ದ ಮಾಡಿದರೆ?”

“ವೇಗ ಎರಡರಷ್ಟಾಗಲು ಉದ್ದ ನಾಲ್ಕರಷ್ಟಾಗಬೇಕು, 64 ಅಡಿ. ಆಗ ಹಿಂದಿನಿಂದ ಮುಂದಕ್ಕೆ ನಡೆದರೆ ಅರ್ಧ ದಾರಿ ಸಾಗಿರುತ್ತದೆ.”

“ನಡೆಯುವುದು ಬಿಟ್ಟಿ” ಎಂದು ಸೀನು ಅಳತೆ ಪಟ್ಟಿ ಹುಡುಕತೊಡಗಿದ.