ಪುಸ್ತಕ ಮುಟ್ಟದ ಬಿಕಾಂ ಮಕ್ಕಳಿಗೆ ಕನ್ನಡ ಪಾಠ: ನೀವೆಲ್ಲ ಏನು ಮಾಡಿದಿರಿ?

ಹೊಸ ಮೇಡಂ, ದಾವಣಗೆರೆ
ಈ ವರ್ಷ ಬಿಕಾಂ ಮೊದಲ ಸೆಮಿಸ್ಟರ್‌ನ ಕನ್ನಡ ನನ್ನ ಪಾಲಿಗೆ ಬಂದಿದೆ. ಕ್ಲಾಸಲ್ಲಿ 70 ಮಕ್ಕಳು, ಪಠ್ಯಪುಸ್ತಕ ತರುವವರು ಐದಾರು ಜನ. ಓದಿಕೊಂಡು ಬನ್ನಿ ಅಂದರೆ 'ಯೂಟ್ಯೂಬಲ್ಲಿ ಸಾರಾಂಶ ಇದೆಯಲ್ಲ ಮೇಡಂ' ಅಂತಾರೆ. ಹೊಸಗನ್ನಡ ಹೇಗೋ ನಡೆಯುತ್ತೆ, ಹಳಗನ್ನಡದ ಭಾಗಕ್ಕೆ ಏನು ಮಾಡಲಿ? ಅನುಭವ ಇದ್ದವರು ಹೇಳಿ.

ಕೋಟೆ ಮೇಷ್ಟ್ರು, ಚಿತ್ರದುರ್ಗ
ಸಿಲಬಸ್ ಪಕ್ಕಕ್ಕಿಡಿ ಮೇಡಂ. ನಾನು ಸೀದಾ ತರಾಸು ಅವರ ದುರ್ಗಾಸ್ತಮಾನ ಹಿಡಿದೆ. 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಕಾದಂಬರಿ ಅಂದಾಗ ಯಾರೂ ತಲೆ ಎತ್ತಲಿಲ್ಲ. 1779ರಲ್ಲಿ ಕೋಟೆ ಹೈದರಾಲಿ ಕೈಗೆ ಹೋಗಿದ್ದು ಯಾರ ತಪ್ಪಿನಿಂದ ಅಂತ ಕೇಳಿದೆ ನೋಡಿ, ಹಿಂದಿನ ಬೆಂಚಿನವರೇ ಎದ್ದು ಜಗಳಕ್ಕೆ ನಿಂತರು. ಒಂದು ಶನಿವಾರ ಕೋಟೆಗೇ ಕರೆದುಕೊಂಡು ಹೋಗಿ ಗೋಪಾಲಸ್ವಾಮಿ ಹೊಂಡದ ಹತ್ತಿರ ಕೂರಿಸಿ ಓದಿಸಿದೆ. ಖರ್ಚು ಕೇಳಿ. ಹತ್ತು ಪ್ರತಿ ನನ್ನ ದುಡ್ಡಲ್ಲಿ. ಎಲ್ಲರ ಟಿಕೆಟ್ ನನ್ನದೇ. ನೀರು, ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಗೆ 1,340 ರೂಪಾಯಿ. ಒಬ್ಬ ಹುಡುಗಿ ಬಂಡೆ ಮೇಲೆ ಜಾರಿ ಕಾಲು ಉಳುಕಿಸಿಕೊಂಡಳು, ಎಕ್ಸ್‌ರೇ 400, ಆಟೋ 120. ಸೋಮವಾರ ಪ್ರಿನ್ಸಿಪಾಲರ ನೋಟಿಸು, ಅನುಮತಿ ಯಾರು ಕೊಟ್ಟರು ಅಂತ. ಹತ್ತರಲ್ಲಿ ಮೂರೇ ಪುಸ್ತಕ ವಾಪಸ್ ಬಂದವು. ಒಂದರ ಅರ್ಧ ದಾಟಿದ ಮೇಲೆ ಎರಡು ಪುಟದ ಸಂದಿಯಲ್ಲಿ ಶೇಂಗಾ ಸಿಪ್ಪೆ ಸಿಕ್ಕಿತು. ಅಲ್ಲಿವರೆಗೆ ಓದಿದ್ದಾನೆ ಅನ್ನೋದಕ್ಕೆ ನನಗೆ ಬೇರೆ ಸಾಕ್ಷಿ ಬೇಡ.

ರಿಸಲ್ಟ್ ರಾಯ
ಪಿಕ್ನಿಕ್ ಮಾಡಿಸಿ ಪಾಠ ಅಂತೀರಲ್ಲ ಮೇಷ್ಟ್ರೇ. ಕೇಂದ್ರದ ಶಿಕ್ಷಣ ನೀತಿ ಎನ್‌ಇಪಿಯಲ್ಲಿ ಪರೀಕ್ಷೆಗೆ 60, ಕಾಲೇಜಲ್ಲೇ ಕೊಡೋ ಐಎಗೆ (ಇಂಟರ್ನಲ್‌ಗೆ) 40 ಇತ್ತು, ಆ ಐಎ ಅಂಕದಲ್ಲಿ ಹುಡುಗರನ್ನ ಹೇಗೋ ದಡ ಸೇರಿಸುತ್ತಿದ್ದೆವು. 2024ರಲ್ಲಿ ರಾಜ್ಯದ ಶಿಕ್ಷಣ ನೀತಿ ಎಸ್‌ಇಪಿ ಬಂದು 80-20 ಆಯ್ತು. ಈಗ 80ಕ್ಕೆ ಬರೆಯಲೇಬೇಕು. ನನ್ನ ಕ್ಲಾಸಲ್ಲಿ ರಾತ್ರಿಯೆಲ್ಲ ಮಂಡಿಯಲ್ಲಿ ಮೂಟೆ ಹೊತ್ತು ಬೆಳಿಗ್ಗೆ ಕಾಲೇಜಿಗೆ ಬರೋ ಹುಡುಗರಿದ್ದಾರೆ. ಅವರಿಗೆ ರಸಾನುಭವ ಬೇಡ, ಪಾಸಾಗಬೇಕು. ಪ್ರತಿ ಪಾಠಕ್ಕೂ ನಾಲ್ಕು ಪ್ರಶ್ನೆ, ಸಂದರ್ಭ ಎರಡು, ಟಿಪ್ಪಣಿ ಎರಡು. ಬಾಯಲ್ಲಿ ಹೇಳಿ ಬರೆಸುತ್ತೇನೆ. ಕನ್ನಡದಲ್ಲಿ ನನ್ನ ಮಕ್ಕಳು ಫೇಲಾಗಲ್ಲ. ಇದಕ್ಕೆ ಯಾರೂ ಶಾಲು ಹೊದಿಸಲ್ಲ, ಗೊತ್ತು.

ಅತಿಥಿ
ಬರೆಸೋದಕ್ಕೆ ಮೇಷ್ಟ್ರು ಯಾಕೆ ಬೇಕು ಸರ್, ಗೈಡ್ ಸಾಕಲ್ವಾ? ನಾನು ಕ್ಲಾಸಲ್ಲೇ ಓದಿಸುತ್ತೇನೆ, ಮನೆಗೆ ಕೊಡೋದೇ ಇಲ್ಲ. ಒಂದು ಕತೆ 12 ಪುಟ, 68 ಮಕ್ಕಳು, ಜೆರಾಕ್ಸ್ ಪುಟಕ್ಕೆ ಒಂದು ರೂಪಾಯಿ. 816 ಆಯ್ತು. ಎರಡೂ ಕಡೆ ಹಾಕಿಸಿದರೆ 75 ಪೈಸೆ, 612. ಇದು ಒಂದೇ ಕತೆಯ ಲೆಕ್ಕ. ಅತಿಥಿ ಉಪನ್ಯಾಸಕರ ಗೌರವಧನ ತಿಂಗಳುಗಟ್ಟಲೆ ಬಂದಿರಲಿಲ್ಲ, ಜೆರಾಕ್ಸ್ ಅಂಗಡಿಯಲ್ಲಿ ಸಾಲ ಬರೆಸಿದ್ದೆ. ಒಬ್ಬೊಬ್ಬರು ಒಂದು ಪ್ಯಾರಾ ಜೋರಾಗಿ ಓದಬೇಕು. ಪಿಯು ಮುಗಿಸಿ ಬಂದವರಲ್ಲಿ ಕೆಲವರು ಒತ್ತಕ್ಷರ ಬಂದ ಕಡೆಯೆಲ್ಲ ನಿಲ್ಲುತ್ತಾರೆ ಕಣ್ರೀ. ಓದಲು ಮನಸ್ಸಿಲ್ಲ ಅಂತ ನಾವು ಬೈಯುತ್ತೇವೆ, ಅವರಿಗೆ ನಾಚಿಕೆ. ಇಷ್ಟೆಲ್ಲ ಮಾಡಿ ಮುಂದಿನ ವರ್ಷ ಆ ವರ್ಕ್‌ಲೋಡ್ ಕಾಯಂ ಆದವರಿಗೆ ಹೋಯ್ತು. ಅವರು ಬಂದು ಮೊದಲು ಮಾಡಿದ ಕೆಲಸ ನೋಟ್ಸ್ ಬರೆಸಿದ್ದು.

ರಿಸಲ್ಟ್ ರಾಯ
ಕಾಯಂ ಆದವರ ಮೇಲಿನ ಹೊಟ್ಟೆಕಿಚ್ಚನ್ನ ಪಾಠದ ಮಾತಲ್ಲಿ ತರಬೇಡಿ. ನಾವೂ ನೇಮಕಾತಿ ಪರೀಕ್ಷೆ ಬರೆದೇ ಬಂದವರು.

ಅತಿಥಿ
ಪರೀಕ್ಷೆ ಕರೆದ ವರ್ಷ ಬರೆದಿರಿ. ಕರೆಯದ ವರ್ಷಗಳಲ್ಲಿ ವಯಸ್ಸು ಮೀರಿದವರನ್ನೂ ಒಂದು ಮಾತು ಕೇಳಿ.

ಜಗಳೂರಿನ ಭಾಗವತ
ಜಗಳ ಆಮೇಲೆ. ಮೇಡಂ ಹಳಗನ್ನಡ ಕೇಳಿದರು. ನನಗೆ ಬಿದ್ದಿದ್ದು ರನ್ನನ ಗದಾಯುದ್ಧ. ನಾನು ಓದಿ ಅರ್ಥ ಹೇಳುತ್ತಿದ್ದರೆ ಹುಡುಗರು ಮೊಬೈಲ್ ಬೆಂಚಿನ ಕೆಳಗೆ ಇಟ್ಟುಕೊಂಡು ರೀಲ್ಸ್. ಮೂಲೆಯಲ್ಲೊಬ್ಬ ಸುಮ್ನೆ ಕೂತಿರುತ್ತಿದ್ದ, ಊರ ಬಯಲಾಟದಲ್ಲಿ ಕೌರವನ ಪಾತ್ರ ಅವನದು ಅಂತ ಆಮೇಲೆ ತಿಳಿಯಿತು. ಭೀಮನ ಮೂದಲಿಕೆ ಕೇಳಿ ದುರ್ಯೋಧನ ವೈಶಂಪಾಯನ ಕೊಳದ ನೀರೊಳಗಿದ್ದೂ ಬೆವರಿದ ಅನ್ನೋ ಕಡೆ ಬಂದಾಗ, 'ಸಾರ್, ನೀರಲ್ಲಿ ಬೆವರೋದನ್ನ ಕುಣಿದು ತೋರಿಸೋದು ಬಾಳ ಕಷ್ಟ' ಅಂದ. ತೋರಿಸಪ್ಪ ಅಂದೆ. ಉಸಿರು ಬಿಗಿಹಿಡಿದು ಕತ್ತಿನ ನರ ಉಬ್ಬಿಸಿ ನಿಂತ, ಹಣೆಯಲ್ಲಿ ನಿಜವಾಗಲೂ ಬೆವರು. ಆಮೇಲೆ ಅದೇ ಪದ್ಯವನ್ನ ಕ್ಲಾಸೇ ಕೇಳಿ ಓದಿಸಿಕೊಂಡಿತು. ನಾನು ಅಷ್ಟಕ್ಕೆ ಬಿಡಲಿಲ್ಲ, ಪೂರ್ತಿ ಆಟ ಕಟ್ಟಿದೆ. ಕಿರೀಟ, ಭುಜಕೀರ್ತಿ ಬಾಡಿಗೆ 1,500, ಹಾರ್ಮೋನಿಯಂನವರಿಗೆ 2,000, ಮದ್ದಳೆಯವರಿಗೆ ಅಷ್ಟೇ, ಬಣ್ಣ 350. ಪಕ್ಕದ ಕ್ಲಾಸಲ್ಲಿ ಇಂಟರ್ನಲ್ ನಡೆಯುತ್ತಿತ್ತು. ಅಕೌಂಟೆನ್ಸಿ ಮೇಡಂ ಇವತ್ತಿಗೂ ನನ್ನ ಜೊತೆ ಮಾತಾಡಲ್ಲ.

ರಿಸಲ್ಟ್ ರಾಯ
ಕೌರವ ಪಾಸಾದನಾ?

ಜಗಳೂರಿನ ಭಾಗವತ
ಕನ್ನಡದಲ್ಲಿ ಪಾಸು. ಅಕೌಂಟೆನ್ಸಿಯಲ್ಲಿ ಹೋಯ್ತು. ನಗಬೇಡಿ.

ಕೋಟೆ ಮೇಷ್ಟ್ರು, ಚಿತ್ರದುರ್ಗ
ನಮ್ಮ ಚಳ್ಳಕೆರೆ ತಾಲ್ಲೂಕಿನ ಸಿರಿಯಜ್ಜಿ ಅಕ್ಷರ ಕಲಿಯದೆ ಸಾವಿರಾರು ಹಾಡು ನೆನಪಲ್ಲಿ ಇಟ್ಟುಕೊಂಡಿದ್ದರು. ಅಂಥ ನೆಲದ ಮಕ್ಕಳಿಗೆ ಕಿವಿಯಿಂದಲೇ ಶುರು ಮಾಡಬೇಕು.

ರಿಸಲ್ಟ್ ರಾಯ
ಸಿರಿಯಜ್ಜಿಗೆ 80 ಅಂಕದ ಪೇಪರ್ ಇರಲಿಲ್ಲ ಸರ್.

ಹರಿಹರದವಳು
ದುಡ್ಡು ಸುರಿಯೋದು ಯಾಕೆ? ನಾನು ಕಾದಂಬರಿಗಳ ಪಿಡಿಎಫ್ ಗ್ರೂಪಿಗೆ ಹಾಕಿಬಿಡುತ್ತೇನೆ.

ಅತಿಥಿ
ಬದುಕಿರೋ ಲೇಖಕರ ಪುಸ್ತಕವನ್ನೂ ಹಾಕುತ್ತೀರಾ? ಅದು ಕಳ್ಳತನ ಕಣ್ರೀ.

ಹರಿಹರದವಳು
68 ಜೆರಾಕ್ಸ್ ಮಾಡಿಸಿದವರು ಹೇಳೋ ಮಾತಾ ಇದು?

ಅತಿಥಿ
ಒಂದು ಕತೆಗೂ ಇಡೀ ಪುಸ್ತಕಕ್ಕೂ ವ್ಯತ್ಯಾಸ ಇಲ್ವಾ? ನಿಮ್ಮ ಗ್ರೂಪಲ್ಲಿ ಅದನ್ನ ತೆರೆದು ನೋಡಿದವರು ಎಷ್ಟು ಜನ, ಮೊದಲು ಅದು ಹೇಳಿ.

ಹೊಸ ಮೇಡಂ, ದಾವಣಗೆರೆ
ಎಲ್ಲರಿಗೂ ಧನ್ಯವಾದ. ಭಾಗವತರೇ, ನನ್ನ ಕ್ಲಾಸಲ್ಲಿ ಬಯಲಾಟದವರು ಯಾರೂ ಇಲ್ಲ, ಎಲ್ಲ ಪೇಟೆ ಹುಡುಗರು. ಆಗ ಏನು ಮಾಡೋದು?

ಜಗಳೂರಿನ ಭಾಗವತ
ಕೇಳಿ ನೋಡಿದ್ದೀರಾ? ನನ್ನವನೂ ತಾನಾಗಿ ಹೇಳಿರಲಿಲ್ಲ.

ರಿಸಲ್ಟ್ ರಾಯ
ಮೇಡಂ, ನೋಟ್ಸ್ ಬೇಕಾದರೆ ಹೇಳಿ, ಪಿಡಿಎಫ್ ಇದೆ. ನಾನೇ ಬರೆದದ್ದು, ಕಳ್ಳತನ ಅಲ್ಲ.