ಸಹಾಯ ಬೇಕು: ಎರೆಮಣ್ಣಿನ ಹಿತ್ತಲಿಗೆ ಎಂತಹ ಗುದ್ದಲಿ ಸೂಕ್ತ?

ಎಲ್ಲರಿಗೂ ನಮಸ್ಕಾರ. ಸಿಂಧನೂರಿನ ನಮ್ಮ ಮನೆಯ ಹಿತ್ತಲಿನಲ್ಲಿ ಬದನೆ, ಮೆಣಸಿನಗಿಡ ಹಾಕಿದ್ದೇವೆ. ಮಣ್ಣು ಎರೆಯಾದ್ದರಿಂದ ಒಣಗಿದಾಗ ಬಿರುಕು ಬಿಟ್ಟು ಕಲ್ಲಿನಂತಾಗುತ್ತದೆ, ಹಸಿಯಿದ್ದಾಗ ಸಲಿಕೆಯ ಅಲಗಿಗೆ ಮೆತ್ತಿಕೊಂಡು ಕೈ ಸೋಲಿಸುತ್ತದೆ. ಕಳೆಯಲ್ಲಿ ಜೇಕಿನದೇ ಹೆಚ್ಚಿನ ಕಾಟ. ಮೇಲೆ ಕೆತ್ತಿದರೆ ಗಡ್ಡೆ ಒಳಗೇ ಉಳಿದು ಮತ್ತೆ ಚಿಗುರುತ್ತದೆ. ಆದ್ದರಿಂದ ಆಳಕ್ಕೆ ಅಗೆಯಲು ಕಿರಿದಾದ ಅಲಗಿನ ಭಾರದ ಗುದ್ದಲಿಯನ್ನೂ, ಸಾಲಿನ ನಡುವೆ ಕೆರೆಯಲು ಅಗಲವಾದ ಹಗುರ ಅಲಗಿನದನ್ನೂ ಬೇರೆಬೇರೆಯಾಗಿ ಕೊಳ್ಳಬೇಕೆ, ಅಥವಾ ಒಂದೇ ಸಾಕೆ? ಅಂಗಡಿಯ ತೆಳು ತಗಡಿನವು ನನಗೇಕೋ ಹಿಡಿಸಲಿಲ್ಲ. ಕಮ್ಮಾರರಲ್ಲಿ ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯಿಂದ ಮಾಡಿಸುವುದಾದರೆ ಅಲಗಿನ ಅಗಲ ಎಷ್ಟಿರಬೇಕು, ಸೊಂಟನೋವಿರುವ ಅವ್ವ ಹೆಚ್ಚು ಬಾಗದೆ ಕೆಲಸ ಮಾಡಲು ಕಾವು ಎಷ್ಟು ಉದ್ದವಿರಬೇಕು ಎಂಬುದನ್ನು ಎರೆಹೊಲದಲ್ಲಿ ದುಡಿದ ಹಿರಿಯರು ದಯವಿಟ್ಟು ತಿಳಿಸಬೇಕು.