ರಂಗನತಿಟ್ಟಿನ ಮಧ್ಯಾಹ್ನದ ಬಿಸಿಲು: ಬೆಳ್ಳಕ್ಕಿ ಬರೀ ಬಿಳಿ ಮುದ್ದೆಯಾಗಿ ಬರುತ್ತಿದೆ, ಎಲ್ಲಿ ತಪ್ಪಿದೆ?

ಹೊಸ ಕ್ಲಿಕ್ಕು:
ಎಲ್ಲರಿಗೂ ನಮಸ್ಕಾರ. ಕ್ಯಾಮೆರಾ ತಗೊಂಡು ನಾಲ್ಕು ತಿಂಗಳಾಯಿತು. ಕ್ಯಾನನ್ 1500ಡಿ, 55-250 ಲೆನ್ಸ್. ಹೋದ ಭಾನುವಾರ ಮನೆಯವರ ಜೊತೆ ರಂಗನತಿಟ್ಟಿಗೆ ಹೋಗಿದ್ದೆ. ಬೆಂಗಳೂರು ಬಿಟ್ಟಿದ್ದೇ ತಡ, ಬಿಡದಿಯಲ್ಲಿ ತಟ್ಟೆ ಇಡ್ಲಿ ಬೇರೆ ಆಗಲೇಬೇಕು ಅಂದರು, ಬೋಟ್ ಹತ್ತುವ ಹೊತ್ತಿಗೆ ಹನ್ನೆರಡು ಗಂಟೆ. ನೆತ್ತಿ ಸುಡುವ ಬಿಸಿಲು.

ಇನ್ನೂರಕ್ಕೂ ಜಾಸ್ತಿ ಫೋಟೋ ತೆಗೆದೆ. ಮನೆಗೆ ಬಂದು ನೋಡಿದರೆ ಬೆಳ್ಳಕ್ಕಿಗಳೆಲ್ಲ ಸುಣ್ಣ ಬಳಿದ ಹಾಗಿವೆ. ಒಂದು ಗರಿಯೂ ಕಾಣಲ್ಲ. ಹೆಜ್ಜಾರ್ಲೆಯೂ (ಪೆಲಿಕನ್) ಅಷ್ಟೇ. ಬೋಟಿನಲ್ಲೇ ಅನುಮಾನ ಬಂದು, ಫೋಟೋ ಸ್ವಲ್ಪ ಕಪ್ಪಗೆ ಬರಲಿ ಅಂತ ಎಕ್ಸ್‌ಪೋಷರ್ ಕಾಂಪನ್ಸೇಷನ್ ಮೈನಸ್ 1ಕ್ಕೆ ಇಟ್ಟೆ. ಚೂರೂ ಬದಲಾಗಲಿಲ್ಲ, ಅದೇ ನನಗೆ ವಿಚಿತ್ರ ಅನಿಸಿದ್ದು. ಇನ್ನು ದೂರದ ಬಂಡೆ ಮೇಲಿನ ಹಕ್ಕಿಗಳು ಶಾರ್ಪ್ ಆಗಿಲ್ಲ. ಲೆನ್ಸ್ ಕೆಟ್ಟಿದೆಯಾ? ಅಂಗಡಿಯಲ್ಲಿ ಕೇಳಿದರೆ ಎನ್‌ಡಿ ಫಿಲ್ಟರ್ (ಬೆಳಕು ತಗ್ಗಿಸುವ ಕಪ್ಪು ಗಾಜು) ಹಾಕಿ ಅಂದರು. ತಗೊಳ್ಳಲಾ?

ಕಾವೇರಿ ದಡ:
ಫಿಲ್ಟರ್‌ಗೆ ದುಡ್ಡು ಹಾಕಬೇಡಿ, ಸ್ವಲ್ಪ ತಡೀರಿ. ಮೋಡ್, ಐಎಸ್‌ಒ (ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋ ಅಂಕಿ), ಅಪರ್ಚರ್ (ಲೆನ್ಸ್ ಕಿಂಡಿ ಎಷ್ಟು ತೆರೆದಿತ್ತು ಅನ್ನೋ ಎಫ್ ಅಂಕಿ), ಷಟರ್ (ಎಷ್ಟು ಹೊತ್ತು ಬೆಳಕು ಬಿಟ್ಟಿತು) ಎಷ್ಟಿತ್ತು ಅಂತ ನೋಡಿ ಬರೆಯಿರಿ. ಮೈನಸ್ ಮಾಡುವ ಮೊದಲಿನ ಒಂದು ಫೋಟೋದ್ದು, ಆಮೇಲಿನ ಒಂದರದ್ದು.

ಹೊಸ ಕ್ಲಿಕ್ಕು:
ಎವಿ ಮೋಡ್ (ಅಪರ್ಚರ್ ನಾನು ಇಡೋದು, ಷಟರ್ ಕ್ಯಾಮೆರಾನೇ ಇಡೋದು), ಎಫ್ 5.6, ಐಎಸ್‌ಒ 1600, ಷಟರ್ 1/4000. ಮೈನಸ್ ಮಾಡಿದ ಮೇಲೂ ಅದೇ 1/4000. ಹೆಚ್ಚುಕಮ್ಮಿ ಎಲ್ಲದರಲ್ಲೂ ಅಷ್ಟೇ ಇದೆ. ಹಕ್ಕಿಗೆ ಷಟರ್ ಸ್ಪೀಡ್ ಜಾಸ್ತಿ ಇದ್ದಷ್ಟೂ ಒಳ್ಳೇದು ಅಂತ ಒಳಗೊಳಗೇ ಖುಷಿಪಟ್ಟಿದ್ದೆ.

ಕಾವೇರಿ ದಡ:
ಸಿಕ್ಕಿಬಿದ್ದ ನೋಡಿ ಕಳ್ಳ. 1/4000 ನಿಮ್ಮ ಕ್ಯಾಮೆರಾದ ಕೊನೇ ಮೆಟ್ಟಿಲು. ಅದಕ್ಕಿಂತ ಬೇಗ ಅದರ ಷಟರ್ ಮುಚ್ಚಲು ಆಗುವುದೇ ಇಲ್ಲ. ನೀವು ಮೈನಸ್ 1 ಅಂದಾಗ ಕ್ಯಾಮೆರಾ ಷಟರ್ ಇನ್ನೂ ಜೋರು ಮಾಡಬೇಕಿತ್ತು, ಮಾಡಲು ಜಾಗವೇ ಇಲ್ಲ, ಹಾಗಾಗಿ ಸುಮ್ನೆ ಅಲ್ಲೇ ನಿಂತಿತು. ವ್ಯೂಫೈಂಡರ್ ಕೆಳಗೆ 4000 ಅನ್ನೋ ಅಂಕಿ ಮಿನುಗುತ್ತಾ ಇತ್ತು ಅಲ್ವಾ? ಬೆಳಕು ಜಾಸ್ತಿಯಾಯಿತು ಅಂತ ಅದು ಕೂಗಿಕೊಳ್ಳುವುದು ಹಾಗೆ.

ಲೆಕ್ಕ ಸುಲಭ. ಒಳ್ಳೆ ಬಿಸಿಲಿದ್ದರೆ ಎಫ್ 16ರಲ್ಲಿ, ಐಎಸ್‌ಒ ಎಷ್ಟೋ ಷಟರ್ ಅಷ್ಟು. ಐಎಸ್‌ಒ 200 ಆದರೆ 1/200. ಎಫ್ 5.6ಕ್ಕೆ ಬಂದರೆ ಮೂರು ಸ್ಟಾಪ್ ಬೆಳಕು ಜಾಸ್ತಿ, ಅಂದರೆ ಮೂರು ಸಲ ದುಪ್ಪಟ್ಟು, ಹಾಗಾಗಿ 1/1600. ಬೆಳ್ಳಕ್ಕಿಯ ಗರಿ ಉಳಿಯಬೇಕಾದರೆ ಇನ್ನೂ ಒಂದು ಸ್ಟಾಪ್ ಇಳಿಸಿ, 1/3200. ಇದೇ ಲೆಕ್ಕ ನಿಮ್ಮ 1600ಕ್ಕೆ ಹಾಕಿದರೆ 1/25600 ಬೇಕಾಗುತ್ತದೆ. ಎಲ್ಲಿಂದ ತರೋದು? ಐಎಸ್‌ಒ 200ಕ್ಕೆ ಇಳಿಸಿ ಸಾಕು. ಎನ್‌ಡಿ ಫಿಲ್ಟರ್ ಅಂದರೆ ಫ್ಯಾನ್ ಜೋರಾಯಿತು ಅಂತ ಕಂಬಳಿ ಹೊದ್ದ ಹಾಗೆ.

ಅಂದ ಹಾಗೆ, 1600 ಯಾಕೆ ಇಟ್ಟಿದ್ದಿರಿ?

ಹೊಸ ಕ್ಲಿಕ್ಕು:
ಅಯ್ಯೋ. ಹಿಂದಿನ ದಿನ ಸಂಜೆ ಮನೆ ಹಿಂದಿನ ಮರದಲ್ಲಿ ಕುಟ್ರುಹಕ್ಕಿ ಬಂದಿತ್ತು. ಕತ್ತಲು ಅಂತ ಏರಿಸಿದ್ದೆ. ಹಾಗೇ ಬಿಟ್ಟಿದ್ದೇನೆ. ಮತ್ತೆ ಮಿನುಗುತ್ತಿದ್ದದ್ದು ಬ್ಯಾಟರಿ ಅಂದುಕೊಂಡಿದ್ದೆ 🙏

ಗುಬ್ಬಿಗೂಡು:
ಮಧ್ಯೆ ಬಾಯಿ ಹಾಕಿದ್ದಕ್ಕೆ ಬೇಜಾರಾಗಬೇಡಿ. ಬಿಳಿ ಹಕ್ಕಿಗೆ ಪ್ಲಸ್ ಮಾಡಬೇಕು ಅಂತ ವರ್ಕ್‌ಶಾಪ್‌ನಲ್ಲಿ ಹೇಳಿಕೊಟ್ಟಿದ್ದರು. ಇಲ್ಲಿ ನೋಡಿದರೆ ಎಲ್ಲರೂ ಮೈನಸ್ ಅನ್ನುತ್ತೀರಿ?

ಕಾವೇರಿ ದಡ:
ಹಕ್ಕಿ ಫ್ರೇಮ್ ತುಂಬ ಇದ್ದರೆ ಪ್ಲಸ್ ಸರಿ, ಪ್ಲಸ್ ಮಾಡದಿದ್ದರೆ ಬಿಳಿಯನ್ನು ಕ್ಯಾಮೆರಾ ಬೂದಿ ಬಣ್ಣ ಮಾಡಿಬಿಡುತ್ತದೆ. ಆದರೆ 250ರಲ್ಲಿ ಬೋಟಿನಿಂದ ತೆಗೆದರೆ ಬೆಳ್ಳಕ್ಕಿ ಫ್ರೇಮಿನಲ್ಲಿ ಹೆಬ್ಬೆರಳಷ್ಟು. ಉಳಿದಿದ್ದೆಲ್ಲ ಕಪ್ಪು ನೀರು, ಹಸಿರು ಪೊದೆ. ಕ್ಯಾಮೆರಾ ಅಳೆಯುವುದು ಆ ಕಪ್ಪನ್ನು. ಅದನ್ನು ಬೆಳಗಿಸಲು ಹೋಗಿ ಹಕ್ಕಿಯನ್ನು ಸುಡುತ್ತದೆ. ಅಲ್ಲಿ ಮೈನಸ್. ಅದೇ ಹಕ್ಕಿ ಹಾರಿ ಆಕಾಶಕ್ಕೆ ಬಂದರೆ ಹಿಂದೆ ಎಲ್ಲ ಬೆಳಕು, ಅಲ್ಲಿ ಪ್ಲಸ್. ಹಕ್ಕಿ ಬದಲಾಗಿಲ್ಲ, ಬಿಸಿಲೂ ಬದಲಾಗಿಲ್ಲ, ಹಿಂದಿನದ್ದು ಬದಲಾಯಿತು ಅಷ್ಟೇ.

ಅದಕ್ಕೇ ನಾನು ಮಟಮಟ ಬಿಸಿಲಲ್ಲಿ ಮ್ಯಾನ್ಯುಯಲ್‌ಗೆ (ಎಲ್ಲ ಅಂಕಿ ನಾವೇ ಇಡುವ ಮೋಡ್) ಹೋಗಿಬಿಡುತ್ತೇನೆ. ಹೊಸಬರಿಗೆ ಕಷ್ಟ ಅಂತಾರೆ, ನನಗೇನೋ ಇದೇ ಸುಲಭ ಅನಿಸುತ್ತದೆ, ಯಾಕಂದರೆ ಮೋಡ ಬರುವವರೆಗೂ ಬೆಳಕು ಒಂದೇ ಥರ ಇರುತ್ತದೆ. ಮೇಲೆ ಹೇಳಿದ ಅಂಕಿಯಲ್ಲಿ ಒಂದು ತೆಗೆಯಿರಿ, ಪ್ಲೇಬ್ಯಾಕ್‌ನಲ್ಲಿ ಡಿಸ್ಪ್ ಬಟನ್ ಒತ್ತಿ ಹಿಸ್ಟೋಗ್ರಾಮ್ (ಬೆಳಕಿನ ನಕ್ಷೆ) ಇರುವ ಪರದೆ ತನ್ನಿ. ಹಕ್ಕಿ ಮೈಯಲ್ಲಿ ಕಪ್ಪಗೆ ಮಿನುಗುವ ಜಾಗ ಇದ್ದರೆ ಅಲ್ಲಿ ಗರಿ ಹೋಯಿತು ಅಂತ ಅರ್ಥ. ಷಟರ್ ಇನ್ನೊಂದು ಕ್ಲಿಕ್ ಏರಿಸಿ.

ಹಳೇ ಮೇಷ್ಟ್ರು:
ಶಾರ್ಪ್ ವಿಷಯ ಯಾರೂ ಹೇಳಲಿಲ್ಲ. ತಮ್ಮಾ, ಬೋಟ್ ಹತ್ತಿರ ಹೋದಾಗ ಮೊಸಳೆ ತೆಗೆದಿರಬೇಕಲ್ಲ, ಅದು ಹೇಗಿದೆ?

ಹೊಸ ಕ್ಲಿಕ್ಕು:
ಹಲ್ಲು ಎಣಿಸಬಹುದು ಮೇಷ್ಟ್ರೇ.

ಹಳೇ ಮೇಷ್ಟ್ರು:
ಹಾಗಾದರೆ ಲೆನ್ಸ್ ಸರಿಯಾಗಿಯೇ ಇದೆ. ಕಾದ ಬಂಡೆಯ ಮೇಲೆ ಗಾಳಿ ಕುದಿಯುತ್ತಿರುತ್ತದೆ, ಒಲೆ ಮೇಲಿನ ಕಾವಲಿಯ ಆಚೆ ನೋಡಿದ ಹಾಗೆ. ಒಂದೇ ಹಕ್ಕಿಯ ಐದಾರು ಫೋಟೋ ಸಾಲಾಗಿ ನೋಡು, ಕೊಕ್ಕಿನ ಅಂಚು ಒಂದೊಂದರಲ್ಲಿ ಒಂದೊಂದು ಥರ ಅಲುಗಿರುತ್ತದೆ. ಎಷ್ಟು ದುಬಾರಿ ಲೆನ್ಸ್ ತಂದರೂ ಅದು ಹೋಗಲ್ಲ. ಹತ್ತಿರ ಇರುವುದನ್ನೇ ತೆಗೆ, ಇಲ್ಲ ಬೆಳಿಗ್ಗೆ ಮೊದಲ ಬೋಟಿಗೆ ಹೋಗು.

ಆದರೂ ಮಧ್ಯಾಹ್ನ ಹೋಗಲೇಬೇಡ ಅಂತ ನಾನು ಹೇಳಲ್ಲ. ಬಣ್ಣದ ಕೊಕ್ಕರೆ ಗೂಡಿನ ಮೇಲೆ ರೆಕ್ಕೆ ಬಿಚ್ಚಿ ಮರಿಗೆ ಕೊಡೆ ಹಿಡಿಯುವುದು ಈ ಬಿಸಿಲಲ್ಲೇ. ಹೆಜ್ಜಾರ್ಲೆ ಬಾಯಿ ತೆರೆದು ಗಂಟಲ ಚೀಲ ಪಟಪಟ ಅಲ್ಲಾಡಿಸಿಕೊಂಡು ಮೈ ತಂಪು ಮಾಡಿಕೊಳ್ಳುತ್ತದೆ. ತಂಪು ಹೊತ್ತಿನಲ್ಲಿ ಇದು ಸಿಗಲ್ಲ. ಆ ಚೀಲದ ಹಿಂದೆ ಸೂರ್ಯ ಬಂದರೆ ರಕ್ತನಾಳ ಕಾಣುತ್ತದೆ, ನೋಡು ಒಂದು ಸಲ.

ಹೊಸ ಕ್ಲಿಕ್ಕು:
ಈ ಭಾನುವಾರ ಒಬ್ಬನೇ ಹೋಗಿ ಬಂದೆ. ಇಡ್ಲಿ ಪಾರ್ಸಲ್. ಮ್ಯಾನ್ಯುಯಲ್, ಐಎಸ್‌ಒ 200, ಎಫ್ 5.6, ಮೊದಲು 1/2500 ಇಟ್ಟೆ, ಬೆಳ್ಳಕ್ಕಿ ಬೆನ್ನು ಮಿನುಗಿತು, 1/3200ಕ್ಕೆ ಏರಿಸಿದೆ, ನಿಂತಿತು. ಎದೆಯ ಗರಿ ಎಳೆ ಎಳೆಯಾಗಿ ಬಂದಿದೆ, ಒಂದು ಎಳೆಗೆ ನೀರಿನ ಹನಿ ಅಂಟಿದೆ! ಹೆಜ್ಜಾರ್ಲೆ ಬಾಯಿ ತೆರೆದದ್ದೂ ಸಿಕ್ಕಿತು ಮೇಷ್ಟ್ರೇ, ಸೂರ್ಯ ಮಾತ್ರ ಹಿಂದೆ ಬರಲಿಲ್ಲ.

ಈಗ ಹೊಸ ತಲೆನೋವು. ಅದೇ ಸೆಟ್ಟಿಂಗ್‌ನಲ್ಲಿ ಪಕ್ಕದ ನೀರುಕಾಗೆ ಇದ್ದಿಲಿನ ತುಂಡಿನ ಹಾಗಿದೆ.

ಕಾವೇರಿ ದಡ:
ಬೆಳ್ಳಕ್ಕಿಗೆ ಇಟ್ಟದ್ದು ನೀರುಕಾಗೆಗೆ ಆಗಲ್ಲ. ಅದಕ್ಕೆ 1/1000ಕ್ಕೆ ಇಳಿಸಿ, ಮುಗಿದ ಮೇಲೆ ಮರೆಯದೆ ವಾಪಸ್ ಏರಿಸಿ. ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಫೈಲ್) ತಾನೇ ತೆಗೆದಿರೋದು? ಹಾಗಿದ್ದರೆ ಶ್ಯಾಡೋ (ಕಪ್ಪು ಭಾಗ) ಸ್ವಲ್ಪ ಎತ್ತಿ ನೋಡಿ, ಹಸಿರು ಕಣ್ಣಾದರೂ ಆಚೆ ಬರುತ್ತದೆ.

ಹೊಸ ಕ್ಲಿಕ್ಕು:
ಜೆಪೆಗ್.

ಕಾವೇರಿ ದಡ:
ಸರಿ, ಮುಂದಿನ ಭಾನುವಾರಕ್ಕೂ ಕೆಲಸ ಸಿಕ್ಕಿತು.